ಆ ರಾತ್ರಿ ಪಾಳಿಯ ಸಿಸ್ಟರ್‌ಗೆ

ಹೋದ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಮೆದುಳಿನೊಳಗೆ ರಕ್ತನಾಳ ಒಡೆಯಿತು. ತೀರ್ಥಹಳ್ಳಿಯಿಂದ ಮಂಡಗದ್ದೆ ದಾಟಿ ಶಿವಮೊಗ್ಗ ಮುಟ್ಟಿದಾಗ ಕತ್ತಲಾಗಿತ್ತು. ಸ್ಕ್ಯಾನ್, ಐಸಿಯು. ರಕ್ತಸ್ರಾವ ನಿಂತಿದೆ ಎಂದರು, ಉಸಿರು ಬಿಟ್ಟೆ. ಮೂರನೇ ದಿನ ಕರೆದರೆ ಅಪ್ಪಯ್ಯ ಓಗೊಡಲಿಲ್ಲ. ಮೆದುಳು ಊದಿದೆಯಂತೆ. ರಕ್ತ ನಿಂತ ಮೇಲೂ ಊತ ಯಾಕೆ? ನನಗೆ ತಿಳಿಯಲಿಲ್ಲ.

ಬಾಗಿಲ ಬಳಿ ಸುಮ್ನೆ ನಿಂತಿದ್ದ ನನ್ನನ್ನು ನೀವೇ ಕರೆದು ಕೂರಿಸಿದಿರಿ. ಮುಷ್ಟಿ ಕಟ್ಟಿ, ಇನ್ನೊಂದು ಅಂಗೈಯಿಂದ ಮುಚ್ಚಿ ತೋರಿಸಿದಿರಿ. "ಬುರುಡೆ ಗಟ್ಟಿ, ಅಲ್ವಾ? ಒಳಗೆ ಊದಿದ್ರೆ ಜಾಗ ಇಲ್ಲ. ಚೆನ್ನಾಗಿರೋ ಭಾಗವೂ ಒತ್ತಿಹೋಗುತ್ತೆ. ಸೋರಿದ ರಕ್ತವೂ ಸುತ್ತಲಿನದನ್ನ ಕೆಡಿಸುತ್ತೆ. ಊತ ಕೆಲವು ದಿನ ಏರುತ್ತೆ, ಆಮೇಲೆ ಇಳಿಯಬಹುದು."

ತಲೆಯ ಕಡೆ ಮಂಚ 30 ಡಿಗ್ರಿ ಎತ್ತಿರುವುದು ರಕ್ತ ಸಲೀಸಾಗಿ ಕೆಳಗಿಳಿಯಲಿ ಅಂತ, ಎಂದಿರಿ. ಕತ್ತು ವಾಲಿದಾಗಲೆಲ್ಲ ಟವೆಲ್ ಸುತ್ತಿಟ್ಟು ನೇರ ಮಾಡಿದಿರಿ. ಗಂಟೆಗೊಮ್ಮೆ ಟಾರ್ಚ್ ಹಿಡಿದು ಬಂದು, "ಅಜ್ಜಾ, ಕಣ್ಣು ನೋಡ್ತೀನಿ, ಆಯ್ತಾ?" ಎಂದು ಕೇಳಿಯೇ ರೆಪ್ಪೆ ಎತ್ತುತ್ತಿದ್ದಿರಿ. ಪ್ರಜ್ಞೆಯಿಲ್ಲದವರನ್ನು ಕೇಳುವುದು! ಆ ಮಾತಿಗೇ ನನ್ನ ಅರ್ಧ ಭಯ ಹೋಯಿತು.

ಎಂಟನೇ ದಿನ ಅಪ್ಪಯ್ಯ ನನ್ನ ಬೆರಳು ಹಿಡಿದರು. ಹೇಳಲು ಓಡಿ ಬಂದೆ, ನಿಮ್ಮ ಪಾಳಿ ಬದಲಾಗಿತ್ತು. ಹೆಸರೂ ಕೇಳಿರಲಿಲ್ಲ. ಧನ್ಯವಾದ ಸಿಸ್ಟರ್. ಅಪ್ಪಯ್ಯ ಈಗ ಕೋಲೂರಿಕೊಂಡು ತೋಟದ ತನಕ ಹೋಗುತ್ತಾರೆ.