ಬೋಟು ನೀರಿಗಿಳಿಯುವ ಮೊದಲು ಪೋಷಕರಿಗೊಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ.

ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್ 1ರಿಂದ 61 ದಿನ ದಡ ಹಿಡಿದಿದ್ದ ಬೋಟುಗಳು ಆಗಸ್ಟ್ 1ಕ್ಕೆ ಮತ್ತೆ ಕಡಲಿಗೆ ಹೊರಡುತ್ತವೆ. ಬೈತಖೋಲ ಬಂದರಿನಲ್ಲಿ ಯಾವ ಬೋಟಿಗೆ ಯಾವ ಬಣ್ಣ ಬಳಿದರು, ಯಾರ ಬಲೆ ರಿಪೇರಿ ಇನ್ನೂ ಮುಗಿದಿಲ್ಲ ಎಂಬುದನ್ನೆಲ್ಲ ನಿಮ್ಮ ಮಕ್ಕಳು ದಿನಾ ನನಗೆ ಒಪ್ಪಿಸುತ್ತಿದ್ದಾರೆ. ಇನ್ನೊಂದು ವಾರ ಕಳೆದರೆ ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಬೆಳಗಾಗುವ ಹೊತ್ತೇ ಬದಲಾಗುತ್ತದೆ. ಅಪ್ಪ ನಸುಕಿಗೇ ಬಂದರಿಗೆ, ಅಮ್ಮ ಬುಟ್ಟಿ ಹೊತ್ತು ಮೀನುಪೇಟೆಗೆ. ಶಾಲೆಯ ಗಂಟೆ ಮಾತ್ರ ಜೂನ್‌ನಲ್ಲಿ ಹೊಡೆದ ಹೊತ್ತಿಗೇ ಹೊಡೆಯುತ್ತದೆ. ಈ ಎರಡರ ನಡುವೆ ಪ್ರತಿವರ್ಷ ಸಿಕ್ಕಿಹಾಕಿಕೊಳ್ಳುವವರು ಮಕ್ಕಳು. ಅದಕ್ಕಾಗಿಯೇ ತರಗತಿಯ ದಿನಚರಿಯ ಬಗ್ಗೆ ಶಾಲೆ ಶುರುವಾದ ದಿನ ಬರೆಯದೆ ಈಗ ಬರೆಯುತ್ತಿದ್ದೇನೆ. ಮೀನುಗಾರಿಕೆಗೆ ಸಂಬಂಧವಿಲ್ಲದ ಮನೆಯವರೂ ದಯವಿಟ್ಟು ಪೂರ್ತಿ ಓದಿ. ವಾರವಿಡೀ ಗೋವೆಯಲ್ಲಿ ದುಡಿದು ಭಾನುವಾರ ಮನೆಗೆ ಬರುವ ಅಪ್ಪಂದಿರಿಗೆ ಈ ಕಾಗದವನ್ನು ತೆಗೆದಿಟ್ಟು ತೋರಿಸಿ.

ಗೇಟು ತೆರೆಯುವುದು 9.30ಕ್ಕೆ. 9.50ಕ್ಕೆ ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ, ರಾಷ್ಟ್ರಗೀತೆ. ಆಮೇಲೆ ಹಾಲು, ಕೆಲವು ದಿನ ರಾಗಿ ಮಾಲ್ಟ್. ನಂತರ ಮೊದಲ ಪೀರಿಯಡ್. ಶನಿವಾರ ಬೆಳಗಿನ ಶಾಲೆ ಎಂಬುದು ಎಲ್ಲರಿಗೂ ಗೊತ್ತು, ಆದರೂ ಶನಿವಾರ ಹತ್ತು ಗಂಟೆಗೆ ಬ್ಯಾಗು ಹಾಕಿಕೊಂಡು ಬರುವವರು ಪ್ರತಿವರ್ಷ ಒಬ್ಬಿಬ್ಬರು ಇದ್ದೇ ಇರುತ್ತಾರೆ.

ಗೇಟು ತೆರೆದಾಗಿನಿಂದ ಪ್ರಾರ್ಥನೆವರೆಗಿನ ಆ ಇಪ್ಪತ್ತು ನಿಮಿಷ ನನಗೆ ಇಡೀ ದಿನದಲ್ಲೇ ಮುಖ್ಯವಾದದ್ದು. ಮಗು ಬರುತ್ತದೆ, ಜಗಲಿಯ ಕೆಳಗೆ ಚಪ್ಪಲಿ ಸಾಲಾಗಿ ಬಿಡುತ್ತದೆ, ಒದ್ದೆ ಕೊಡೆಯನ್ನೋ ರೇನ್‌ಕೋಟನ್ನೋ ಹಗ್ಗಕ್ಕೆ ಹಾಕುತ್ತದೆ, ಬ್ಯಾಗಿನ ಮೇಲಿನ ನೀರು ಒರೆಸುತ್ತದೆ, ಹೋಮ್‌ವರ್ಕ್ ಪುಸ್ತಕವನ್ನು ಟೀಚರ್ ಮೇಜಿನ ಮೇಲೆ ಇಡುತ್ತದೆ, ಬಾಟಲಿಗೆ ನೀರು ತುಂಬಿಕೊಳ್ಳುತ್ತದೆ. ಇಷ್ಟನ್ನೂ ಯಾರೂ ಕೂಗಿ ಹೇಳುವುದಿಲ್ಲ. ಕೂಗಿ ಹೇಳಬಾರದು ಎಂಬುದೇ ನಮ್ಮ ಪ್ರಯತ್ನ. ಬೋಟಿನಲ್ಲಿ ಬಲೆ ಎಳೆಯುವ ಹೊತ್ತಿಗೆ ಯಾವ ಹಗ್ಗ ಯಾರು ಹಿಡಿಯಬೇಕೆಂದು ಬೋಟು ನಡೆಸುವ ತಾಂಡೇಲ ಒಬ್ಬೊಬ್ಬರಿಗೂ ಹೇಳುತ್ತಾ ಕೂರುತ್ತಾನೆಯೇ? ಮಕ್ಕಳು ಗಪ್‌ಚಿಪ್ ಕೂತಿರಲಿ ಎಂಬ ಆಸೆ ನಮಗಿಲ್ಲ. ಮುಂದೆ ತಾನು ಮಾಡಬೇಕಾದ್ದೇನು ಎಂಬುದು ಮಗುವಿಗೆ ತಾನಾಗಿಯೇ ಗೊತ್ತಿರಬೇಕು, ಅಷ್ಟೇ.

ಒಂದರಿಂದ ಮೂರರ ನಲಿ-ಕಲಿ ಕೋಣೆಯ ಮುಂದೆ ಹಾದುಹೋಗುವ ಕೆಲವು ಪೋಷಕರು, 'ಒಳಗೆ ಸಂತೆ ನಡೆದಂತಿದೆ, ಟೀಚರ್ ಸುಮ್ಮನಿರಿಸುವುದಿಲ್ಲವೇ' ಎಂದು ಕೇಳಿದ್ದಾರೆ. ಒಂದೈದು ನಿಮಿಷ ಬಾಗಿಲಲ್ಲಿ ನಿಂತು ನೋಡಿ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಎಷ್ಟನೇ ಮೆಟ್ಟಿಲಲ್ಲಿದ್ದೇನೆ ಎಂದು ಮಗು ತಾನೇ ಹುಡುಕಿ, ಅದಕ್ಕೆ ಸರಿಯಾದ ಕಾರ್ಡು ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಪಕ್ಕದವನಿಗೆ ತೋರಿಸುತ್ತದೆ, ಕೇಳುತ್ತದೆ, ಜಗಳವನ್ನೂ ಆಡುತ್ತದೆ. ಆ ಗದ್ದಲ ಕೆಲಸದ್ದು. ಟೀಚರ್ ಕೈ ಎತ್ತಿದಾಗ ಅದು ನಿಲ್ಲುತ್ತದೆಯೇ ಎಂಬುದನ್ನಷ್ಟೇ ನಾನು ಗಮನಿಸುತ್ತೇನೆ. ಜುಲೈ ಮುಗಿಯುವಷ್ಟರಲ್ಲಿ ಎರಡು ಮತ್ತು ಮೂರನೆಯವರು ನಿಲ್ಲಿಸುತ್ತಾರೆ. ಒಂದನೆಯವರಿಗೆ ಇನ್ನೂ ಸಮಯ ಬೇಕು.

ಈಗ ತಡವಾಗಿ ಬರುವ ವಿಚಾರ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ತಡವಾಗಿ ಬಂದ ಮಗುವನ್ನು ನಾವು ಹೊರಗೆ ನಿಲ್ಲಿಸುವುದಿಲ್ಲ, ಮೈದಾನ ಸುತ್ತಿಸುವುದಿಲ್ಲ, ಎಲ್ಲರೆದುರು 'ಬಂದರು ದೊರೆಗಳು' ಎಂದು ಚುಚ್ಚುವುದಿಲ್ಲ. ಹಿಂದಿನ ಬಾಗಿಲಿಂದ ಸದ್ದಿಲ್ಲದೆ ಬಂದು ತನ್ನ ಜಾಗದಲ್ಲಿ ಕೂರಬೇಕು. ಅವರ ಪಾಲಿನ ಹಾಲನ್ನು ಅಡುಗೆಯವರು ಮುಚ್ಚಿಟ್ಟಿರುತ್ತಾರೆ. ಬಾಗಿಲ ಬಳಿ ನೇತು ಹಾಕಿದ ಪುಸ್ತಕದಲ್ಲಿ ಮಗು ತನ್ನ ಹೆಸರು ಮತ್ತು ಬಂದ ಹೊತ್ತನ್ನು ತಾನೇ ಬರೆಯುತ್ತದೆ. ಕಾರಣ ಬರೆಯಬೇಕಾಗಿಲ್ಲ, ಏಕೆಂದರೆ ಕಾರಣ ಕೇಳಿದರೆ ಮಕ್ಕಳು ಸುಳ್ಳು ಕಲಿಯುತ್ತಾರೆ.

ಆ ಪುಸ್ತಕವನ್ನು ತಿರುವಿದರೆ ಒಂದು ಸಂಗತಿ ಕಣ್ಣಿಗೆ ರಾಚುತ್ತದೆ. ಜೂನ್, ಜುಲೈಯಲ್ಲಿ ತಡವಾಗಿ ಬರುವವರು ಗಂಡುಹುಡುಗರು. ಮಳೆನೀರಲ್ಲಿ ಆಡಿ, ಗದ್ದೆ ಬದುವಿನಲ್ಲಿ ಏಡಿ ಹಿಡಿದು ಬರುವವರು. ಆಗಸ್ಟ್ ಬಂತೆಂದರೆ ಹೆಸರುಗಳು ಬದಲಾಗುತ್ತವೆ. ಐದು, ಆರು, ಏಳನೆಯ ಇಯತ್ತೆಯ ಹುಡುಗಿಯರ ಹೆಸರು ತುಂಬುತ್ತದೆ. ಅಮ್ಮ ಪೇಟೆಗೆ ಹೋದಮೇಲೆ ಗಂಜಿ ಬೇಯಿಸಿ, ತಮ್ಮನಿಗೆ ಸ್ನಾನ ಮಾಡಿಸಿ, ಪಾತ್ರೆ ತೊಳೆದು, ಪುಟ್ಟದನ್ನು ಅಂಗನವಾಡಿಗೆ ಬಿಟ್ಟು ಅವಳು ಶಾಲೆಗೆ ಬರುವಷ್ಟರಲ್ಲಿ ಗಣಿತದ ಪೀರಿಯಡ್ ಮುಗಿದಿರುತ್ತದೆ. ಅದೇ ಮನೆಯ ಅಣ್ಣ ಪ್ರಾರ್ಥನೆಗೆ ಸರಿಯಾಗಿ ತಲೆ ಬಾಚಿಕೊಂಡು ನಿಂತಿರುತ್ತಾನೆ.

ಅಮ್ಮಂದಿರ ದುಡಿಮೆ ನನಗೆ ಗೊತ್ತು. ನಸುಕಿಗೆ ಹೋಗದಿದ್ದರೆ ಒಳ್ಳೆಯ ಮೀನು ಸಿಗುವುದಿಲ್ಲ, ಹರಾಜು ನಿಮಗಾಗಿ ಕಾಯುವುದಿಲ್ಲ. ನಾನು ಕೇಳುತ್ತಿರುವುದು ಇಷ್ಟೇ: ಬೆಳಗಿನ ಕೆಲಸವನ್ನು ಮಕ್ಕಳಿಗೆ ಹಂಚುವಾಗ ಗಂಡುಹುಡುಗನಿಗೂ ಒಂದು ಪಾಲು ಕೊಡಿ. ಪಾತ್ರೆ ತೊಳೆಯುವುದು, ತಮ್ಮನನ್ನು ಅಂಗನವಾಡಿಗೆ ಬಿಡುವುದು ಅವನಿಂದಲೂ ಆಗುತ್ತದೆ. ಶಾಲೆಯಲ್ಲಿ ಅವನು ಮಾಡುತ್ತಾನೆ. ಕೋಣೆ ಗುಡಿಸುವ ಸರದಿ ನಮ್ಮಲ್ಲಿ ಬೆಂಚಿನ ಸಾಲಿನ ಪ್ರಕಾರ, ಅದರಲ್ಲಿ ಹುಡುಗ ಹುಡುಗಿ ಎಂದಿಲ್ಲ. ಜುಲೈ ಮೊದಲ ವಾರದಲ್ಲಿ ಪೊರಕೆ ಹಿಡಿಯಲು ನಾಚಿದ ಏಳನೆಯವರು ಈಗ ಮಾತಿಲ್ಲದೆ ಹಿಡಿಯುತ್ತಾರೆ. ಅಂದಹಾಗೆ, ಶೌಚಾಲಯ ತೊಳೆಯುವ ಕೆಲಸಕ್ಕೆ ಯಾವ ಮಗುವನ್ನೂ ಹಚ್ಚುವುದಿಲ್ಲ. ಬಳಸಿದವರು ನೀರು ಹಾಕಿ ಬರಬೇಕು, ಅಷ್ಟು ಮಾತ್ರ.

ಮರೆತುಬಂದ ವಸ್ತುಗಳ ಬಗ್ಗೆಯೂ ಒಂದು ಕೋರಿಕೆ. ಪುಸ್ತಕ, ಕಂಪಾಸು, ಚಿತ್ರಕಲೆಯ ಬಣ್ಣ ಮರೆತರೆಂದು ಅಜ್ಜಿಯಂದಿರು ಮಳೆಯಲ್ಲಿ ನೆನೆಯುತ್ತಾ ತಂದುಕೊಡುವುದು ಬೇಡ. ಆ ದಿನ ಮಗು ಪಕ್ಕದವರ ಪುಸ್ತಕ ನೋಡಿ ಓದುತ್ತದೆ, ಹಾಳೆಯಲ್ಲಿ ಬರೆಯುತ್ತದೆ. ಮರುದಿನ ತಾನೇ ನೆನಪಿಟ್ಟು ತರುತ್ತದೆ. ರಾತ್ರಿ ಮಲಗುವ ಮುಂಚೆ ಬ್ಯಾಗು ಜೋಡಿಸಿಡಲು ಹೇಳಿ, ನೀವು ಜೋಡಿಸಿಕೊಡಬೇಡಿ. ಔಷಧಿ, ಕನ್ನಡಕ ಮರೆತರೆ ಮಾತ್ರ ಖಂಡಿತ ತನ್ನಿ.

ಊಟದ ಹೊತ್ತು. ಕೈ ತೊಳೆದು ಸಾಲಲ್ಲಿ ಬರುವುದು, ಬಡಿಸಿದವರಿಗೆ 'ಸಾಕು' ಎಂದು ಹೇಳಲು ಕಲಿಯುವುದು, ಎಲ್ಲರಿಗೂ ಬಡಿಸಿದಮೇಲೆ ಶುರುಮಾಡುವುದು, ತಟ್ಟೆ ತಾನೇ ತೊಳೆದಿಡುವುದು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇದೆ. ಯಾರ ತಟ್ಟೆಯಲ್ಲಿ ಏನಿದೆ ಎಂದು ಯಾರೂ ಮಾತನಾಡುವಂತಿಲ್ಲ. ಎಲ್ಲರೂ ಒಂದೇ ಪಂಕ್ತಿ. ಬೇರೆ ಕೂರಿಸಿ ಎಂಬ ಕೋರಿಕೆ ಯಾರಿಂದಲೂ ಬಾರದಿರಲಿ, ಬಂದರೂ ಆಗುವುದಿಲ್ಲ.

ಊಟ ಮುಗಿಸಿ ಗೇಟು ದಾಟುವಂತಿಲ್ಲ. ಕಡಲು ಇಷ್ಟು ಹತ್ತಿರವಿರುವಾಗ ಈ ನಿಯಮದಲ್ಲಿ ರಿಯಾಯಿತಿಯೇ ಇಲ್ಲ. ನಮ್ಮ ಮಕ್ಕಳಿಗೆ ಈಜು ಬರುತ್ತದೆ ಎಂದು ನೀವು ಹೇಳುತ್ತೀರಿ, ನಿಜ. ಆದರೆ ಮಳೆಗಾಲದ ಸೆಳೆತ ಈಜು ಬರುವವರನ್ನೂ ಒಳಗೆ ಎಳೆದುಕೊಳ್ಳುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹೆದ್ದಾರಿಯ ಆಚೆಯಿಂದ ಬರುವ ಮಕ್ಕಳು ಒಬ್ಬೊಬ್ಬರೇ ದಾಟುವುದು ಬೇಡ, ಗುಂಪಾಗಿ, ದೊಡ್ಡವರೊಬ್ಬರ ಜೊತೆ ದಾಟಲಿ. ನಾಲ್ಕು ಪಥದ ರಸ್ತೆಯಲ್ಲಿ ವಾಹನ ಬರುವ ವೇಗ ಮಕ್ಕಳ ಅಂದಾಜಿಗೆ ಸಿಗುವುದಿಲ್ಲ.

ಈಗ, ನನಗೆ ಅತಿ ಹೆಚ್ಚು ಕೇಳಿಬರುವ ಮಾತು. 'ಟೀಚರ್, ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದರೂ ಬಾರಿಸಿ, ನಾವು ಕೇಳುವುದಿಲ್ಲ.' ನಂಬಿಕೆಯಿಂದ ಹೇಳುತ್ತೀರಿ, ಆ ನಂಬಿಕೆಗೆ ನಾನು ಋಣಿ. ಆದರೆ ಬಾರಿಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಪೋಷಕರು ಒಪ್ಪಿಗೆ ಕೊಟ್ಟರೂ ಅದು ಬದಲಾಗುವುದಿಲ್ಲ. ಕಾಯ್ದೆ ಇರದಿದ್ದರೂ ನಾನು ಕೋಲು ಹಿಡಿಯುತ್ತಿರಲಿಲ್ಲ. ಕೋಲಿಗೆ ಹೆದರುವ ಮಗು ಕೋಲು ಕಾಣದ ಕಡೆ ಮತ್ತೆ ಅದನ್ನೇ ಮಾಡುತ್ತದೆ, ಸಿಕ್ಕಿಬೀಳದಂತೆ ಮಾಡುವುದನ್ನು ಮಾತ್ರ ಚೆನ್ನಾಗಿ ಕಲಿಯುತ್ತದೆ.

ಹಾಗಾದರೆ ತಪ್ಪು ಮಾಡಿದವರಿಗೆ ಏನೂ ಇಲ್ಲವೇ? ಇದೆ. ಗೋಡೆಗೆ ಗೀಚಿದವರು ಒರೆಸಬೇಕು. ಬೇರೆಯವರ ಪುಸ್ತಕ ಹರಿದವರು ಕೂತು ಅಂಟಿಸಿಕೊಡಬೇಕು. ಹೊಡೆದಾಡಿದ ಇಬ್ಬರೂ ನನ್ನ ಕೋಣೆಯಲ್ಲಿ ಕೂತು, ಏನಾಯಿತು ಎಂದು ಒಬ್ಬ ಹೇಳುವಾಗ ಇನ್ನೊಬ್ಬ ಬಾಯಿ ಮುಚ್ಚಿ ಕೇಳಬೇಕು. ಹೀಗೆ ಬಾಯಿ ಮುಚ್ಚಿ ಕೇಳುವುದು ಕೋಲಿಗಿಂತ ಕಷ್ಟ ಎಂದು ಹುಡುಗರೇ ಒಪ್ಪಿಕೊಂಡಿದ್ದಾರೆ. ಅಡ್ಡಹೆಸರು ಕರೆಯುವುದು, ಬಣ್ಣ, ಜಾತಿ, ಅಪ್ಪನ ಕುಡಿತ, ಮೈಗೆ ಮೀನಿನ ವಾಸನೆ ಎಂದು ಹಂಗಿಸುವುದು ಮಾತ್ರ ಮೊದಲ ಸಲವೇ ನನ್ನವರೆಗೆ ಬರುತ್ತದೆ, ನಾನು ನಿಮಗೂ ಹೇಳಿ ಕಳಿಸುತ್ತೇನೆ. ಮನೆಯಲ್ಲಿ ಆಡಿದ ಮಾತೇ ಬಹಳಷ್ಟು ಸಲ ಶಾಲೆಗೆ ಬಂದಿರುತ್ತದೆ ಎಂಬುದನ್ನು ಬೇಸರಿಸದೆ ಕೇಳಿಸಿಕೊಳ್ಳಿ.

ಮನೆಮಾತಿನ ಬಗ್ಗೆ ಕೆಲವರಿಗೆ ಆತಂಕವಿದೆ. ಮಗು ಶಾಲೆಯಲ್ಲಿ ಕೊಂಕಣಿ ಆಡಿದರೆ ಬೈಯುತ್ತೀರಾ ಎಂದು ಒಂದನೆಯ ಮಗುವಿನ ತಾಯಿಯೊಬ್ಬರು ಕೇಳಿದರು. ಇಲ್ಲ. ನೀರು ಬೇಕು, ಹೊಟ್ಟೆ ನೋಯುತ್ತಿದೆ, ಹೊರಗೆ ಹೋಗಬೇಕು ಎಂಬುದನ್ನು ಮಗು ಯಾವ ಭಾಷೆಯಲ್ಲಿ ಹೇಳಿದರೂ ನಮಗೆ ಅರ್ಥವಾಗುತ್ತದೆ. ಪಾಠ ಕನ್ನಡದಲ್ಲಿ. ಆಟದಲ್ಲಿ ಎರಡೂ ಬೆರೆತೇ ಬರುತ್ತವೆ, ಬರಲಿ.

ಮಳೆ ರಜೆಯ ಗೊಂದಲಕ್ಕೆ ಈ ವರ್ಷವಾದರೂ ಕೊನೆ ಹಾಡೋಣ. ರಜೆ ಕೊಡುವವರು ಜಿಲ್ಲಾಧಿಕಾರಿಗಳು. ಹೋದ ವರ್ಷದ ಆದೇಶವನ್ನೇ ಯಾರೋ ಮತ್ತೆ ವಾಟ್ಸಾಪ್‌ನಲ್ಲಿ ಹರಿಬಿಡುತ್ತಾರೆ, ಅರ್ಧ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಆದೇಶದ ಮೇಲಿನ ದಿನಾಂಕ ನೋಡಿ. ಅನುಮಾನವಿದ್ದರೆ ತರಗತಿಯ ಗುಂಪಿನಲ್ಲಿ ಟೀಚರ್ ಹಾಕಿದ ಸಂದೇಶವನ್ನು ಮಾತ್ರ ನಂಬಿ. ರಜೆ ಇಲ್ಲದಿದ್ದರೂ ಹಳ್ಳ ತುಂಬಿ ದಾರಿ ಮುಚ್ಚಿದ್ದರೆ ಮಗುವನ್ನು ಕಳಿಸಲೇಬೇಡಿ, ಒಂದು ಫೋನ್ ಮಾಡಿದರೆ ಸಾಕು. ಕಳೆದುಕೊಂಡ ದಿನಗಳ ಪಾಠವನ್ನು ಮುಂದೆ ಶನಿವಾರ ಮಧ್ಯಾಹ್ನ ತುಂಬಿಸಿಕೊಳ್ಳುತ್ತೇವೆ, ಆ ಶನಿವಾರಗಳನ್ನು ಮೊದಲೇ ತಿಳಿಸುತ್ತೇವೆ. ಬ್ಯಾಗಿನಲ್ಲಿ ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಬಿಡಿ. ಯೂನಿಫಾರ್ಮ್ ಒಣಗಿಲ್ಲ ಎಂಬ ಕಾರಣಕ್ಕೆ ಯಾರೂ ಶಾಲೆ ತಪ್ಪಿಸುವುದು ಬೇಡ. ಈ ಊರಿನ ಜುಲೈ, ಆಗಸ್ಟ್‌ನಲ್ಲಿ ಯಾರ ಮನೆಯಲ್ಲಿ ಬಟ್ಟೆ ಒಣಗುತ್ತದೆ? ಬಣ್ಣದ ಬಟ್ಟೆಯಲ್ಲೇ ಬರಲಿ.

ಮೊಬೈಲು ಶಾಲೆಗೆ ಬೇಡ. ಮನೆಯಲ್ಲಿ ಎಷ್ಟು ಹೊತ್ತು ಎಂಬುದು ನಿಮ್ಮ ತೀರ್ಮಾನ, ಆದರೆ ಮೊದಲ ಪೀರಿಯಡ್‌ನಲ್ಲೇ ತೂಕಡಿಸುವವರು ಯಾರೆಂದು ನಮಗೆ ಕಾಣುತ್ತದೆ. ಚೌತಿಗೆ ಮುಂಬೈ, ಗೋವೆಯ ನೆಂಟರು ಬಂದಾಗ ಎರಡು ದಿನ ಹೆಚ್ಚೇ ರಜೆ ಹಾಕುವಿರಿ ಎಂಬುದೂ ಗೊತ್ತು, ಮೊದಲೇ ಒಂದು ಚೀಟಿ ಬರೆದುಕೊಡಿ. ಯಕ್ಷಗಾನ ನೋಡಿ ಬೆಳಗಿನ ಜಾವ ಮನೆಗೆ ಬಂದ ಮಗು ಮಾತ್ರ ಅರ್ಧ ದಿನ ನಿದ್ದೆ ಮಾಡಿ ಬರಲಿ, ನನ್ನ ಅಭ್ಯಂತರವಿಲ್ಲ. ಆದರೆ ಮರುದಿನ ಪ್ರಸಂಗದ ಕತೆಯನ್ನು ತರಗತಿಗೆ ಹೇಳಬೇಕು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರ ಜೊತೆ ಮಾತನಾಡಿ ಈ ಬಾರಿಯ ಪೋಷಕರ ಸಭೆಯನ್ನು ಬೆಳಿಗ್ಗೆ ಬದಲು ಆಗಸ್ಟ್ ಎರಡನೆಯ ಶುಕ್ರವಾರ ಸಂಜೆ 4.30ಕ್ಕೆ ಇಟ್ಟಿದ್ದೇವೆ. ಪೇಟೆ ಮುಗಿಸಿ ಬರುವ ಅಮ್ಮಂದಿರಿಗೆ ಆ ಹೊತ್ತು ಸಾಧ್ಯ ಎಂದು ಅವರೇ ಹೇಳಿದ್ದು. ಬುಟ್ಟಿ ಸಮೇತ ನೇರ ಬಂದರೂ ಆಗುತ್ತದೆ, ಜಗಲಿಯಲ್ಲಿ ಜಾಗವಿದೆ.

ಈ ಕಾಗದದ ಕೆಳಗಿನ ಚೀಟಿಯಲ್ಲಿ ಮೂರು ಸಾಲು ಖಾಲಿ ಬಿಟ್ಟಿದೆ. ಆಗಸ್ಟ್‌ನಿಂದ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಇರುವ ಹಿರಿಯರು ಯಾರು, ಯಾರೂ ಇರದಿದ್ದರೆ ನೆರೆಮನೆಯವರಲ್ಲಿ ಯಾರಿಗೆ ಫೋನ್ ಮಾಡಬಹುದು, ಶಾಲೆಯಿಂದ ಮಗುವನ್ನು ಕರೆದೊಯ್ಯಲು ಯಾರಿಗೆ ಒಪ್ಪಿಗೆ ಇದೆ. ತುಂಬಿ ಜುಲೈ 31ರೊಳಗೆ ಮಗುವಿನ ಕೈಯಲ್ಲೇ ಕಳಿಸಿ. ಬರೆಯಲು ತೊಂದರೆಯಿದ್ದರೆ ಮಗುವಿಗೆ ಹೇಳಿ ಬರೆಸಿ, ಸಹಿ ಅಥವಾ ಹೆಬ್ಬೆಟ್ಟು ನಿಮ್ಮದಿರಲಿ.

ಇತಿ ನಿಮ್ಮ ವಿಶ್ವಾಸದ,
ಮುಖ್ಯಾಧ್ಯಾಪಕಿ
ಸರಕಾರಿ ಹಿರಿಯ ಪ್ರಾಥಮಿಕ ಶಾಲೆ
ಕಾರವಾರ ತಾಲೂಕು