ಎನ್‌ಎಂಎಂಎಸ್ ಫಲಿತಾಂಶ: ಹಳೆಯ ಪಟ್ಟಿ ಅಂಟಿಸಿ ಮಕ್ಕಳ ಕಣ್ಣಲ್ಲಿ ನೀರು ತರಿಸಬೇಡಿ

ಮಾನ್ಯ ಸಂಪಾದಕರೇ,

ಎನ್‌ಎಂಎಂಎಸ್ (ಎಂಟನೇ ತರಗತಿಯ ಬಡ ಮಕ್ಕಳು ಬರೆಯುವ ವಿದ್ಯಾರ್ಥಿವೇತನ ಪರೀಕ್ಷೆ) ಫಲಿತಾಂಶ ತಡವಾಗಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಮೊನ್ನೆ ಬಂದ ವರದಿ ಓದಿದೆ. ‘ಪೋಷಕರು ಆತಂಕಪಡುವ ಅಗತ್ಯವಿಲ್ಲ’ ಎಂದು ಅಧಿಕಾರಿಯೊಬ್ಬರು ಹೇಳಿದ್ದಾರೆ. ನಿನ್ನೆ ಬೆಳಿಗ್ಗೆ ಅವರು ನಮ್ಮ ತಾಲ್ಲೂಕಿನ ಶಿಕ್ಷಣ ಕಚೇರಿಯ ಜಗಲಿಯ ಮೇಲೆ ಹತ್ತು ನಿಮಿಷ ನಿಂತಿದ್ದರೆ ಈ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ.

ಆಯ್ಕೆ ಪಟ್ಟಿಯನ್ನು ಕಚೇರಿಯ ಫಲಕಕ್ಕೆ ಹಾಕಿದ್ದಾರೆ ಎಂದು ಮೊನ್ನೆ ರಾತ್ರಿ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಸಂದೇಶ ಬಂತು. ನಾನು ಹೊಲಿಗೆ ಕೆಲಸದವಳು. ನಾಲ್ಕು ರವಿಕೆಗಳನ್ನು ನಿನ್ನೆ ಸಂಜೆಯೊಳಗೆ ಕೊಡುತ್ತೇನೆಂದು ಮದುವೆ ಮನೆಯವರಿಗೆ ಮಾತು ಕೊಟ್ಟಿದ್ದೆ. ಅವುಗಳನ್ನು ಯಂತ್ರದ ಮೇಲೆಯೇ ಬಿಟ್ಟು, ಮಗಳನ್ನು ಕರೆದುಕೊಂಡು ಎಂಟು ಗಂಟೆಯ ಬಸ್ಸಿಗೆ ಹೊರಟೆ. ಬಸ್ಸು ಬಂದದ್ದು ಒಂಬತ್ತಕ್ಕೆ. ಕಚೇರಿ ತಲುಪುವಷ್ಟರಲ್ಲಿ ಅಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಎಲ್ಲರೂ ನನ್ನ ಹಾಗೆ ಕೂಲಿ ಬಿಟ್ಟು ಬಂದವರೇ. ಒಬ್ಬಾಕೆಯ ಸೊಂಟದಲ್ಲಿ ಎಳೆಗೂಸು ಇತ್ತು.

ಗಾಜು ಒಡೆದ ಫಲಕದಲ್ಲಿ ಆರು ಹಾಳೆಗಳನ್ನು ಗುಂಡುಸೂಜಿಯಿಂದ ಚುಚ್ಚಿದ್ದರು. ಮಗಳು ಹೆಸರುಗಳ ಮೇಲೆ ಬೆರಳಿಟ್ಟುಕೊಂಡು ಮೇಲಿನಿಂದ ಕೆಳಕ್ಕೆ ಹುಡುಕಿದಳು. ಮೂರನೇ ಹಾಳೆಯಲ್ಲಿ ಬೆರಳು ನಿಂತಿತು. ‘ಅಮ್ಮಾ, ಇದೆ’ ಎಂದಳು. ಅವಳದೇ ಹೆಸರು, ಅವಳದೇ ಇನಿಷಿಯಲ್. ನಾನು ಎಲ್ಲರೆದುರು ಅವಳನ್ನು ತಬ್ಬಿಕೊಂಡೆ. ಆಮೇಲೆ ಪ್ರವೇಶ ಪತ್ರ ತೆಗೆದು ನೋಂದಣಿ ಸಂಖ್ಯೆ ಹೋಲಿಸಿದರೆ ಒಂದು ಅಂಕಿಯೂ ಕೂಡಲಿಲ್ಲ. ಮೊದಲ ಹಾಳೆಯ ನೆತ್ತಿಯ ಮೇಲೆ ಬೇರಾವುದೋ ಸುತ್ತೋಲೆ ಅಂಟಿಸಿದ್ದರು. ಪಕ್ಕದಲ್ಲಿದ್ದವರೊಬ್ಬರು ಅದನ್ನು ಎತ್ತಿ ನೋಡಿದಾಗ ಗೊತ್ತಾಯಿತು, ಅದು ಹಿಂದಿನ ವರ್ಷದ ಪಟ್ಟಿ!

ಒಳಗೆ ಹೋಗಿ ಕೇಳಿದರೆ ಗುಮಾಸ್ತರು ತಲೆ ಎತ್ತಲಿಲ್ಲ. ‘ಅದು ಹಳೆಯದು. ನೋಡಲು ನಿಮಗೆ ಯಾರು ಹೇಳಿದರು?’ ಎಂದರು. ಹಳೆಯದಾದರೆ ಅದು ಗೋಡೆಯ ಮೇಲೆ ಏಕಿದೆ? ಹೊಸದು ಯಾವಾಗ ಬರುತ್ತದೆ? ‘ಮೇಲಿನಿಂದ ಬರಬೇಕು’ ಎಂದರು. ಸಾಹೇಬರು ಎಲ್ಲಿದ್ದಾರೆ? ಮೀಟಿಂಗಿನಲ್ಲಿದ್ದಾರೆ. ಹದಿನೈದು ವರ್ಷದಿಂದ ಈ ಕಚೇರಿಗೆ ಬೇರೆ ಬೇರೆ ಕೆಲಸಕ್ಕೆ ಎಡತಾಕುತ್ತಿದ್ದೇನೆ. ಸಾಹೇಬರು ಮೂರು ಬಾರಿ ಬದಲಾಗಿದ್ದಾರೆ, ಮೀಟಿಂಗ್ ಮಾತ್ರ ಮುಗಿದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಒಂದು ಮಾತೂ ಆಡಲಿಲ್ಲ. ಪ್ರವೇಶ ಪತ್ರವನ್ನು ಸುರುಳಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಮನೆಗೆ ಬಂದು ಕೈ ಬಿಡಿಸಿದಾಗ ಅಕ್ಷರಗಳ ಮಸಿ ಅಂಗೈಗೆ ಅಂಟಿತ್ತು.

ಚಳಿಗಾಲದಲ್ಲಿ ಬರೆದ ಪರೀಕ್ಷೆ ಇದು, ಈಗ ಮುಂಗಾರು ಬಂದಿದೆ. ಈ ನಡುವಿನ ತಿಂಗಳುಗಳನ್ನು ನಮ್ಮ ಮನೆಯಲ್ಲಿ ಹೇಗೆ ಕಳೆದೆವು ಎಂದು ಹೇಳಿದರೆ ಅಧಿಕಾರಿಗಳಿಗೆ ಅರ್ಥವಾದೀತೇ? ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ 90 ಪ್ರಶ್ನೆ, ವ್ಯಾಸಂಗ ಪ್ರವೃತ್ತಿಯ ಪತ್ರಿಕೆಯಲ್ಲಿ 90 ಪ್ರಶ್ನೆ, ಒಟ್ಟು 180 ಅಂಕ. ಮಗಳು ಪ್ರಶ್ನೆಪತ್ರಿಕೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಬಂದಿದ್ದಳು. ನಾನು ಅಳತೆ ಕತ್ತರಿಸುವ ಖಾಕಿ ಕಾಗದದ ಹಿಂಬದಿಯಲ್ಲಿ ಕೀ ಉತ್ತರದೊಡನೆ ತಾಳೆ ನೋಡಿ ಲೆಕ್ಕ ಹಾಕಿದಳು. ಮೊದಲ ಸಲ 127 ಬಂತು. ಟ್ಯೂಷನ್ ಹೇಳುವವರು ಕೊಟ್ಟ ಇನ್ನೊಂದು ಕೀ ಹಿಡಿದು ನೋಡಿದರೆ 123. ಎರಡು ಗಣಿತದ ಪ್ರಶ್ನೆಗೆ ಉತ್ತರವೇ ತಪ್ಪಾಗಿದೆ, ಕೃಪಾಂಕ ಸಿಗುತ್ತದೆ ಎಂದು ಯಾರೋ ಹೇಳಿದ ದಿನ 125. ಆ ಕಾಗದದ ಮೇಲೆ ಈಗ ರವಿಕೆಯ ಅಳತೆ ಬರೆಯಲು ಜಾಗವಿಲ್ಲ.

ಅಂಕ ಗೊತ್ತಾದರೂ ಕಟ್ ಆಫ್ ಗೊತ್ತಾಗಬೇಕಲ್ಲ? ನಮ್ಮ ಜಿಲ್ಲೆಯಲ್ಲಿ ಕಳೆದ ಸಲ ಎಷ್ಟಕ್ಕೆ ನಿಂತಿತು ಎಂದು ಮೂವರು ಮೇಷ್ಟ್ರುಗಳನ್ನು ಕೇಳಿದೆ. ಒಬ್ಬರು 118 ಎಂದರು, ಇನ್ನೊಬ್ಬರು 130 ದಾಟಬೇಕು ಎಂದರು, ಮೂರನೆಯವರು ಮೀಸಲಾತಿಯ ಪ್ರಕಾರ ಬೇರೆ ಬೇರೆ ಇರುತ್ತದೆ ಎಂದು ಸುಮ್ಮನಾದರು. ಅವರನ್ನು ನಾನು ದೂರುವುದಿಲ್ಲ. ಆ ಸಂಖ್ಯೆಯನ್ನು ಯಾರೂ ಅವರ ಕೈಗೆ ಕೊಟ್ಟಿಲ್ಲ. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿವೇತನ, ಅದರಲ್ಲಿ ಕರ್ನಾಟಕದ ಪಾಲು 5,534 ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಜಿಲ್ಲೆಗೆ ಎಷ್ಟು, ಬರೆದವರು ಎಷ್ಟು, ಕೊನೆಯದಾಗಿ ಆಯ್ಕೆಯಾದ ಮಗುವಿನ ಅಂಕ ಎಷ್ಟು ಎಂಬ ಮೂರು ಸಾಲನ್ನು ಅದೇ ಫಲಕದ ಮೇಲೆ ಬರೆದು ಹಾಕಿದ್ದರೆ ನಮ್ಮ ಅರ್ಧ ನಿದ್ದೆ ಉಳಿಯುತ್ತಿತ್ತು.

ಇದರ ಮೇಲೆ ‘ಪಾಸು’ ಎಂಬ ಇನ್ನೊಂದು ಗೊಂದಲ. ಎರಡೂ ಪತ್ರಿಕೆ ಸೇರಿ ಶೇ 40 ಬರಬೇಕು, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ 32. ಅಂದರೆ 180ಕ್ಕೆ 72 ಬಂದರೆ ಅರ್ಹತೆ ಸಿಕ್ಕಿತು ಅಷ್ಟೇ, ವೇತನ ಸಿಕ್ಕಿತು ಎಂದಲ್ಲ. ಪಕ್ಕದ ಮನೆಯವರು ಹಿಂದಿನ ವರ್ಷ ಮಗ ಅರ್ಹನಾದನೆಂದು ಕೇರಿಗೆಲ್ಲ ಸಕ್ಕರೆ ಹಂಚಿದರು. ಆಯ್ಕೆ ಪಟ್ಟಿ ಬಂದಾಗ ಅವನ ಹೆಸರಿರಲಿಲ್ಲ. ಆ ಹುಡುಗ ಹದಿನೈದು ದಿನ ಮನೆಯಿಂದ ಹೊರಗೆ ಬರಲಿಲ್ಲ. ಇದನ್ನು ಮೊದಲೇ ತಿಳಿಸಿ ಹೇಳುವುದು ಯಾರ ಕೆಲಸ?

ಕಾದರೆ ಕಳೆದುಕೊಳ್ಳುವುದೇನು ಎಂದು ಕೇಳುವವರಿಗೆ ಹೇಳುತ್ತೇನೆ. ವರ್ಷಕ್ಕೆ 12,000 ರೂಪಾಯಿಯಂತೆ ಒಂಬತ್ತನೇ ತರಗತಿಯಿಂದ ಹನ್ನೆರಡರವರೆಗೆ 48,000 ರೂಪಾಯಿ. ಆದರೆ ಮಗು ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲೇ ಓದುತ್ತಿರಬೇಕು. ಖಾಸಗಿ ಶಾಲೆಗೆ ಸೇರಿಸಿದರೆ ಇಲ್ಲ, ಸರ್ಕಾರದ್ದೇ ವಸತಿ ಶಾಲೆಗೆ ಸೇರಿಸಿದರೂ ಇಲ್ಲ. ನನ್ನ ಮಗಳಿಗೆ ವಸತಿ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ತೆರವಾದ ಸೀಟು ಇದೆ ಎಂದಿದ್ದಾರೆ. ಅಲ್ಲಿ ಊಟ, ವಸತಿ ಎಲ್ಲವೂ ಇದೆ. ಈ ವಾರದೊಳಗೆ ಹೇಳಬೇಕು. ಸೀಟು ಒಪ್ಪಿಕೊಂಡ ಮರುದಿನ ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಬಂದರೆ 48,000 ಹೋಯಿತು. ಸೀಟು ಬೇಡವೆಂದ ಮೇಲೆ ಹೆಸರು ಬಾರದಿದ್ದರೆ ಎರಡೂ ಹೋಯಿತು. ದಿನವೂ ರಾತ್ರಿ ನಾನು, ನನ್ನ ಗಂಡ ಇದನ್ನೇ ಹಿಂದೆ ಮುಂದೆ ಮಾಡುತ್ತಿದ್ದೇವೆ. ಮಗಳು ಗೋಡೆಯ ಕಡೆ ತಿರುಗಿ ಮಲಗಿರುತ್ತಾಳೆ. ನಿದ್ದೆ ಬಂದಿರುವುದಿಲ್ಲ, ನನಗೆ ಗೊತ್ತು.

ಈ ವಿದ್ಯಾರ್ಥಿವೇತನದ ವ್ಯವಹಾರ ನನಗೆ ಹೊಸದಲ್ಲ. ದೊಡ್ಡ ಮಗನಿಗೂ ಬಂದಿತ್ತು. ಮೂರೂವರೆ ಲಕ್ಷದ ಮಿತಿಯೊಳಗಿನ ಆದಾಯ ಪ್ರಮಾಣಪತ್ರಕ್ಕೆಂದು ಆಗ ನಾಲ್ಕು ಬಾರಿ ಅಲೆದೆ. ಒಂದು ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಸರ್ವರ್ ಇದೆ, ಸಹಿ ಹಾಕುವವರಿಲ್ಲ. ಹೊಲಿಗೆ ಯಂತ್ರ ಇಟ್ಟುಕೊಂಡವರಿಗೆ ಇಷ್ಟೇ ಆದಾಯವೇ ಎಂದು ಒಬ್ಬರು ಕೇಳಿದರು. ಆಮೇಲೆ ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದಿದೆ, ಶಾಲೆಯ ದಾಖಲೆಯಲ್ಲಿ ಹಿಂದಿದೆ ಎಂದು ಅರ್ಜಿ ವಾಪಸು ಬಂತು. ಪೋರ್ಟಲ್‌ನಲ್ಲಿ ಶಾಲೆಯವರು ಪರಿಶೀಲಿಸಬೇಕು, ಆಮೇಲೆ ಜಿಲ್ಲೆಯವರು ಪರಿಶೀಲಿಸಬೇಕು. ಒಬ್ಬರು ಒತ್ತಬೇಕಾದ ಗುಂಡಿಯನ್ನು ಇನ್ನೊಬ್ಬರು ಒತ್ತಿಲ್ಲವೆಂದು ಆರು ತಿಂಗಳು ಕಳೆಯಿತು. ಒಂಬತ್ತನೇ ತರಗತಿಯ ಹಣ ಅವನು ಹತ್ತನೇ ತರಗತಿಯ ಪರೀಕ್ಷೆಗೆ ಓದುತ್ತಿದ್ದಾಗ ಖಾತೆಗೆ ಬಂತು. ಅಷ್ಟು ಹೊತ್ತಿಗೆ ನನ್ನ ಕಿವಿಯೋಲೆ ಗಿರವಿ ಅಂಗಡಿ ಸೇರಿ ವರ್ಷವಾಗಿತ್ತು. ಅದು ಇನ್ನೂ ಅಲ್ಲೇ ಇದೆ.

  

ಬಡವರ ಮಕ್ಕಳು ಬುದ್ಧಿಯಿಂದ ಗೆಲ್ಲಬಹುದಾದ ಬಾಗಿಲುಗಳು ಮೊದಲೇ ಕಡಿಮೆ. 1963ರಿಂದ ನಡೆದುಕೊಂಡು ಬಂದಿದ್ದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆಗೆ 2021ರ ಮಾರ್ಚ್ 31ರವರೆಗೆ ಮಂಜೂರಾತಿ ಇತ್ತು, ಆಮೇಲೆ ಅದು ನಿಂತೇ ಹೋಯಿತು. ನನ್ನ ಮಗ ಅದಕ್ಕೆಂದು ಹಳೆಯ ಪ್ರಶ್ನೆಪತ್ರಿಕೆಗಳನ್ನು ಸಂಗ್ರಹಿಸಿ ಇಟ್ಟುಕೊಂಡಿದ್ದ. ಆ ಕಟ್ಟು ಅಟ್ಟದ ಮೇಲಿದೆ. ಉಳಿದಿರುವ ಈ ಒಂದನ್ನಾದರೂ ಸರಿಯಾಗಿ ನಡೆಸಲು ಆಗುವುದಿಲ್ಲವೇ? ಮಕ್ಕಳು ತೊಂಬತ್ತು ನಿಮಿಷ ಎಂದರೆ ತೊಂಬತ್ತು ನಿಮಿಷದಲ್ಲಿ ಉತ್ತರ ಬರೆದು ಕೊಡಬೇಕು, ಒಂದು ನಿಮಿಷ ಹೆಚ್ಚಾದರೆ ಒಎಂಆರ್ ಹಾಳೆ ಕಿತ್ತುಕೊಳ್ಳುತ್ತಾರೆ. ಕಿತ್ತುಕೊಂಡವರಿಗೆ ಮಾತ್ರ ಗಡಿಯಾರವೂ ಇಲ್ಲ, ಕ್ಯಾಲೆಂಡರೂ ಇಲ್ಲ.

ಸಂಬಂಧಪಟ್ಟವರು ಕೂಡಲೇ ಫಲಿತಾಂಶ ಪ್ರಕಟಿಸಬೇಕು. ಆಗದಿದ್ದರೆ ಇಂಥ ದಿನ ಪ್ರಕಟಿಸುತ್ತೇವೆ ಎಂದಾದರೂ ಹೇಳಬೇಕು. ಕಟ್ ಆಫ್ ಅಂಕವನ್ನೂ ಹೇಳಬೇಕು, ವಸತಿ ಶಾಲೆಯವರು ಅಲ್ಲಿಯವರೆಗೆ ಸೀಟು ಕಾಯ್ದಿಡುವಂತೆಯೂ ಹೇಳಬೇಕು. ಇದನ್ನೆಲ್ಲ ಯಾರು ಮಾಡಬೇಕು ಎಂದು ನನಗೆ ಗೊತ್ತಿಲ್ಲ, ಕೇಳಿದ ಕಡೆಯಲ್ಲೆಲ್ಲ ಇನ್ನೊಂದು ಕಡೆಗೆ ಕೈ ತೋರಿಸುತ್ತಾರೆ. ಯಾರಾದರೂ ಒಬ್ಬರು ಮಾಡಲಿ. ಅದೂ ಆಗದಿದ್ದರೆ ಆ ಗುಮಾಸ್ತರು ಕುರ್ಚಿಯಿಂದ ಎದ್ದು ಹತ್ತು ಹೆಜ್ಜೆ ನಡೆದು ಆ ಹಳೆಯ ಪಟ್ಟಿಯನ್ನು ಕಿತ್ತು ಹಾಕಲಿ. ನಿನ್ನೆ ಮಧ್ಯಾಹ್ನ ನಾವು ಹೊರಡುವಾಗಲೂ ಅದು ಅಲ್ಲೇ ಇತ್ತು, ಇನ್ನೊಬ್ಬಳು ಹುಡುಗಿ ಅದರ ಮೇಲೆ ಬೆರಳಿಟ್ಟು ಹುಡುಕುತ್ತಿದ್ದಳು.

— ವಿದ್ಯಾರ್ಥಿನಿಯೊಬ್ಬಳ ತಾಯಿ