ಎತ್ತಿಟ್ಟ ಬೀಜದ ಭಯ

ಚಳ್ಳಕೆರೆ

ಚಿರಂಜೀವಿಗೆ ದೊಡ್ಡಮ್ಮನ ಆಶೀರ್ವಾದ.

ಮಳೆ, ಸಾಲ, ಬೋರಿನ ಮಾತೆಲ್ಲ ಓದಿದೆ, ಅವು ನಮಗೆ ಹೊಸವಲ್ಲ. ಕೊನೆಗೆ ಬರೆದಿದ್ದೀಯಲ್ಲ, "ಶೇಂಗಾ ಬೀಜ ಮನೇಲೇ ಎತ್ತಿಟ್ಟರೆ ಕಂಪನಿಯೋರು ಕೇಸು ಹಾಕ್ತಾರಂತೆ, ಹೌದಾ ದೊಡ್ಡಮ್ಮ" ಅಂತ, ಆ ಒಂದು ಸಾಲು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಬೆಳೆದವನೇ ತನ್ನ ಕಣದ ಕಾಯಿಗೆ ಹೆದರೋ ಹಾಗಾಯಿತಲ್ಲ!

ಹಾಕಿದರೂ ನಿಲ್ಲಲ್ಲ ಕಣೋ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅಂತ 2001ರದ್ದು ಇದೆ. ಅದರ 39ನೇ ಕಲಮಿನ ಪ್ರಕಾರ, ಕಂಪನಿ ಹೆಸರಲ್ಲಿ ನೋಂದಣಿಯಾದ ತಳಿಯಾದರೂ ರೈತ ಬೀಜ ಎತ್ತಿಡಬಹುದು, ಬಿತ್ತಬಹುದು, ಪಕ್ಕದ ಹೊಲದವರಿಗೆ ಕೊಡಬಹುದು, ಮಾರಲೂಬಹುದು. ಬ್ರ್ಯಾಂಡ್ ಚೀಟಿ ಅಂಟಿಸಿ ಮಾತ್ರ ಮಾರುವಂತಿಲ್ಲ. ನಿನ್ನ ಕಿವಿಗೆ ಬಿದ್ದಿದ್ದು ಗುಜರಾತಿನ ಸುದ್ದಿ ಇರಬೇಕು. 2019ರಲ್ಲಿ ಪೆಪ್ಸಿಕೋ ಕಂಪನಿ, ತನ್ನ ತಳಿ ಬೆಳೆದರು ಅಂತ ಅಲ್ಲಿನ ಆಲೂಗಡ್ಡೆ ರೈತರ ಮೇಲೆ ದಾವೆ ಹೂಡಿತ್ತು. ದೇಶದಲ್ಲಿ ಕೂಗೆದ್ದ ಮೇಲೆ ಮೇ ತಿಂಗಳಲ್ಲಿ ತಾನೇ ಹಿಂದಕ್ಕೆ ಪಡೀತು. ಅದು ಕುಲಾಂತರಿ, ಅಂದರೆ ಬೇರೆ ಜೀವಿಯ ಗುಣ ಸೇರಿಸಿದ ಆಲೂಗಡ್ಡೆಯೂ ಅಲ್ಲ. ನಮ್ಮ ಶೇಂಗಾದಲ್ಲಂತೂ ಕುಲಾಂತರಿ ಬೀಜವೇ ಇಲ್ಲ.

ಹತ್ತಿ ಮಾತು ಬೇರೆ. 2002ರಲ್ಲಿ ಬಿಟಿ ಬಂತು, ಕಾಯಿಕೊರಕ ಹುಳ ತಡೆಯೋ ಕುಲಾಂತರಿ ಹತ್ತಿ. ಮೊದಮೊದಲು ಕಾಯಿಕೊರಕಕ್ಕೆ ಹೊಡೆಯೋ ಔಷಧಿ ಕಡಿಮೆಯಾದದ್ದು ನಿಜ. ಆದರೆ ಹೆಚ್ಚುಕಡಿಮೆ ಅದೆಲ್ಲ ಹೈಬ್ರಿಡ್, ಎರಡು ತಳಿ ಕೂಡಿಸಿ ಮಾಡಿದ ಬೀಜ. ಎತ್ತಿಟ್ಟು ಬಿತ್ತಿದರೆ ಒಂದು ಗಿಡ ಮೊಣಕಾಲುದ್ದ, ಪಕ್ಕದ್ದು ಎದೆಯುದ್ದ, ಕೆಲವದರಲ್ಲಿ ಬಿಟಿ ಗುಣವೇ ಇರಲ್ಲ. ಅಂಗಡಿ ಬೀಜದ ಗಿಡದಲ್ಲೂ ಒಂದೇ ಕಾಯೊಳಗೆ ಆ ಗುಣ ಇರೋ ಬೀಜ, ಇಲ್ಲದ ಬೀಜ ಬೆರೆತಿರ್ತವೆ. ಗುಲಾಬಿ ಕಾಯಿಕೊರಕ ಹುಳ ಬಿಟಿಗೆ ಬಗ್ಗದೆ ಹೋದದ್ದಕ್ಕೆ ಅದೂ ಒಂದು ಕಾರಣ. ಅಲ್ಲಿ ವರ್ಷವರ್ಷ ಅಂಗಡಿಗೆ ಹೋಗಲೇಬೇಕು. ಆ ರೂಢಿಯಲ್ಲೇ ನಾನು ಶೇಂಗಾ ಬೀಜವನ್ನೂ ಅಂಗಡಿಗೆ ಬಿಟ್ಟುಕೊಟ್ಟೆ. ಯಾರೂ ಕಿತ್ತುಕೊಳ್ಳಲಿಲ್ಲ ಮಗಾ, ನಾನೇ ಬಿಟ್ಟೆ. ನಾವು ಬಿಡದೆ ಇದ್ದಿದ್ದರೆ ನಿನಗೆ ಈ ಭಯ ಬರ್ತಿತ್ತಾ ಅಂತ ಕೊರೀತಾ ಇದೆ.

ಶೇಂಗಾ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತೆ. ಟಿಎಂವಿ-2 ಬಿತ್ತಿದರೆ ಟಿಎಂವಿ-2ನೇ ಬರುತ್ತೆ. 1940ರ ತಳಿ ಅದು, ಇವತ್ತಿಗೂ ಉಳಿದಿದೆ.

ನಿನಗೆ ಗೊತ್ತಿರೋದನ್ನೇ ಹೇಳ್ತಿದ್ದರೆ ಬೇಜಾರಾಗಬೇಡ. ಬೀಜಕ್ಕೆ ಗಿಡ ಕೀಳೋವಾಗಲೇ ಆರಿಸು. ಬುಡದಲ್ಲಿ ಕಾಯಿ ಗೊಂಚಲಾಗಿರಬೇಕು, ಸುಳಿ ಒಣಗಿದ ಗಿಡ ಬೇಡ. ಕಿತ್ತ ಗಿಡ ತಿರುವಿ, ಕಾಯಿ ಮೇಲಾಗಿ ಹರವಿ ಒಣಗಿಸು. ನಡುಮಧ್ಯಾಹ್ನ ಕಾದ ಸಿಮೆಂಟಿನ ಮೇಲೆ ಹಾಕಬೇಡ, ಮೊಳಕೆ ಸಾಯುತ್ತೆ. ಅಲ್ಲಾಡಿಸಿದರೆ ಕಾಯೊಳಗೆ ಕಾಳು ಗಲಗಲ ಅನ್ನಬೇಕು, ಉಜ್ಜಿದರೆ ಸಿಪ್ಪೆ ಏಳಬೇಕು. ತೇವ ಶೇಕಡಾ 8-9ಕ್ಕಿಂತ ಹೆಚ್ಚಿದ್ದರೆ ಬೂಸ್ಟು ಹಿಡಿಯುತ್ತೆ. ಕಾಯಿಯಲ್ಲೇ ಗೋಣಿಚೀಲಕ್ಕೆ ತುಂಬಿ, ಗೋಡೆಯಿಂದ ದೂರ ಹಲಗೆ ಮೇಲಿಡು, ಗೊಬ್ಬರದ ಚೀಲದ ಪಕ್ಕ ಬೇಡ. ಎಕರೆಗೆ 45 ಕೆಜಿ ಕಾಳು ಬೇಕು ಅಂದರೆ, ಜೊಳ್ಳು, ಸುಕ್ಕು, ಒಡಕು ಕಳೆದು 75 ಕೆಜಿ ಕಾಯಾದರೂ ಇಡು.

ಬಿತ್ತೋಕೆ ಹದಿನೈದು ದಿನ ಮುಂಚೆ 100 ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡು. ವಾರದಲ್ಲಿ 70ಕ್ಕಿಂತ ಮೇಲೆ ಮೊಳೆತರೆ ನಿನ್ನ ಬೀಜ ಗಟ್ಟಿ. ಕಡಿಮೆ ಬಂದರೆ, ಆ ವರ್ಷಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ತಗೋ, ಅದರಲ್ಲಿ ಸೋಲೇನಿಲ್ಲ. ಕೊಂಡ ಬೀಜದ ಬಿಲ್ಲು, ಚೀಟಿ ಎರಡನ್ನೂ ಪೈರು ಮನೆ ಸೇರೋವರೆಗೆ ಇಟ್ಟುಕೋ. ನೋಂದಣಿಯಾದ ತಳಿ ಹೇಳಿದಂತೆ ಬರದಿದ್ದರೆ ಪರಿಹಾರ ಕೇಳೋಕೂ ಅದೇ 39ನೇ ಕಲಮಿನಲ್ಲಿ ದಾರಿ ಇದೆ. ಕೇಸಿನ ಹೆದರಿಕೆ ನಿನಗಲ್ಲ ಇರಬೇಕಾದ್ದು.

ಕೇಸಿನ ಮಾತು ಯಾರು ಹೇಳಿದರು ಅಂತ ಬರೀಲಿಲ್ಲ ನೀನು. ಬೀಜ ಮಾರೋರೇ ಆಗಿದ್ದರೆ ಯಾವ ಕಲಮು ಅಂತ ಬರೆದುಕೊಡೋಕೆ ಹೇಳು.

ಪರೀಕ್ಷೆಯ 100 ಕಾಳು ಬಿಟ್ಟು ಮಿಕ್ಕದ್ದನ್ನ ಬಿತ್ತೋ ಮುಂಚಿನ ವಾರದಲ್ಲೇ ಸುಲಿ, ಅದಕ್ಕೂ ಮುಂಚೆ ಬೇಡ. ಮಿಷನ್‌ಗೆ ಹಾಕಿದರೆ ಕಾಳು ಸೀಳುತ್ತೆ, ಕೈಯಲ್ಲೇ ಆಗಬೇಕು. ಆಳು ಸಿಗದಿದ್ದರೆ ಹೇಳಿ ಕಳಿಸು, ಎರಡು ದಿನ ಬಂದು ಕೂತು ಸುಲಿದುಕೊಡ್ತೀನಿ.

ಇಂತಿ,
ನಿನ್ನ ದೊಡ್ಡಮ್ಮ